ಫ್ರೀಜ್ ಮಾಡಿದ ಸೆಲ್‌ನಲ್ಲಿ ಸಿಎಂವಿ ರೆಸ್ಪಾನ್ಸ್: ನನ್ನ ಅನುಭವ

ಎಚ್‌ಐವಿ ಇರುವವರ ಫ್ರೋಜನ್ ಪಿಬಿಎಂಸಿಯಲ್ಲಿ (ರಕ್ತದಿಂದ ಬೇರ್ಪಡಿಸಿದ ರೋಗನಿರೋಧಕ ಸೆಲ್‌ಗಳು) ಸಿಎಂವಿ ರೆಸ್ಪಾನ್ಸ್, ಅಂದರೆ ಸೈಟೋಮೆಗಾಲೋ ವೈರಸ್‌ಗೆ ಅವು ತೋರುವ ಪ್ರತಿಕ್ರಿಯೆ, ಅಳೆಯುತ್ತೇನೆ ಅಂದಾಗ ಲ್ಯಾಬ್‌ನಲ್ಲಿ ಎಲ್ಲರೂ ನಕ್ಕರು. ಕರಗಿಸುವಷ್ಟರಲ್ಲಿ ಅರ್ಧ ಸತ್ತಿರುತ್ತವೆ, ಫ್ರೆಶ್ ರಕ್ತ ತಗೋ ಅಂದರು. ಮೊದಲ ಏಳೆಂಟು ತಿಂಗಳು ಅವರ ಮಾತೇ ನಿಜವಾಯಿತು.

ಕರಗಿಸಿ, ತೊಳೆದು, ತಕ್ಷಣ ಪಿಪಿ65 ಪೂಲ್ (ಸಿಎಂವಿಯ ಒಂದು ಪ್ರೋಟೀನ್‌ನ ತುಣುಕುಗಳಾದ ಪೆಪ್ಟೈಡ್‌ಗಳ ಮಿಶ್ರಣ) ಹಾಕುತ್ತಿದ್ದೆ. ಇಂಟರ್‌ಫೆರಾನ್ ಗ್ಯಾಮಾ ಗೇಟ್ ಖಾಲಿ, ಅಂದರೆ ಎಚ್ಚೆತ್ತ ಸೆಲ್ ತಯಾರಿಸುವ ಆ ಪ್ರೋಟೀನ್ ಕಾಣಲೇ ಇಲ್ಲ. ಟಿ ಸೆಲ್‌ಗಳನ್ನು ಜೋರಾಗಿ ಕೆರಳಿಸುವ ಬ್ಯಾಕ್ಟೀರಿಯಾ ವಿಷ ಎಸ್‌ಇಬಿ ಹಾಕಿದ ಟ್ಯೂಬೂ ಮಂಕು. ಎಸ್‌ಇಬಿಗೇ ಏಳದ ಸೆಲ್ ಸಿಎಂವಿಗೆ ಏಳುತ್ತದಾ? ಒಂದು ಸಲ ಲೆಕ್ಕ ತಪ್ಪಿ ಪೆಪ್ಟೈಡ್ ಕರಗಿಸುವ ದ್ರಾವಕ ಡಿಎಂಎಸ್‌ಒ ಶೇ. 1 ದಾಟಿ ಸೆಲ್‌ಗೆ ವಿಷವಾಯಿತು. 138 ಪೆಪ್ಟೈಡ್‌ಗಳ ಪೂಲ್, ಸುಮಾರು 40 ಸಾವಿರದ್ದು, ಅರ್ಧ ಅಲ್ಲೇ ಹೋಯಿತು. ಆ ವಾರ ಊಟ ಸೇರಲಿಲ್ಲ.

ದಾರಿ ತೋರಿಸಿದ್ದು ಎರಡು ವಿಷಯ. ಬೆಂಗಳೂರು ಟ್ರಾಫಿಕ್‌ನಲ್ಲಿ ರಕ್ತ ಕೆಲವು ದಿನ ಹತ್ತು ಗಂಟೆ ಕಳೆದು ಬರುತ್ತಿತ್ತು. ತಡವಾದ್ದರಿಂದ ಪಿಬಿಎಂಸಿ ಪದರದಲ್ಲಿ ಅಲ್ಲಿ ಇರಬಾರದ ಗ್ರಾನ್ಯುಲೋಸೈಟ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಜಾಸ್ತಿ. ಅಂಥ ವಯಲ್‌ಗಳನ್ನೇ ಕೈಬಿಟ್ಟೆ. ಎರಡನೆಯದು, ಕರಗಿಸಿದ ಮೇಲೆ ರಾತ್ರಿಯಿಡೀ 37 ಡಿಗ್ರಿಯಲ್ಲಿ ಸುಮ್ನೆ ಬಿಟ್ಟೆ. ಬೆಳಿಗ್ಗೆ ಎಣಿಸಿ, ಶೇ. 80ಕ್ಕಿಂತ ಕಡಿಮೆ ಬದುಕಿದ್ದರೆ ಎಸೆದೆ. ಸಿಡಿ4 (ಎಚ್‌ಐವಿ ನಾಶ ಮಾಡುವ ಟಿ ಸೆಲ್) ಕಡಿಮೆ ಇರುವವರ ಒಂದೇ ವಯಲ್ ಎಸೆಯುವಾಗ ಹೊಟ್ಟೆ ಉರಿಯುತ್ತದೆ. ಉಳಿದದ್ದಕ್ಕೆ ಆರು ಗಂಟೆ ಪೂಲ್ ಮತ್ತು ಇಂಟರ್‌ಫೆರಾನ್ ಸೆಲ್‌ನಿಂದ ಹೊರಹೋಗದಂತೆ ತಡೆಯುವ ಬ್ರೆಫೆಲ್ಡಿನ್, ಅಷ್ಟೇ. ಕರಗಿಸುವ ಮೀಡಿಯಂಗೆ ಇನ್ನೊಂದು ಸೇರಿಸುತ್ತೇನೆ. ಸತ್ತ ಸೆಲ್‌ಗಳ ಡಿಎನ್‌ಎ ಕತ್ತರಿಸಿ ಗಂಟಾಗದಂತೆ ತಡೆಯುವ ಬೆಂಝೋನೇಸ್ ಅಲ್ಲ, ಅದು ಲ್ಯಾಬ್‌ಗಳಲ್ಲಿ ಎಲ್ಲರಿಗೂ ಗೊತ್ತು. ಪೇಪರ್ ಬರುವವರೆಗೆ ಹೇಳುವುದಿಲ್ಲ.

ಈಗ ಎಸ್‌ಇಬಿ ಕುಣಿಯುತ್ತದೆ. ವರ್ಷಗಳಿಂದ ಎಆರ್‌ಟಿಯಲ್ಲಿದ್ದು (ಎಚ್‌ಐವಿ ಔಷಧಿ) ಸಿಡಿ4 500 ದಾಟಿದವರಲ್ಲಿ ಸಿಎಂವಿಗೆ ಸಿಡಿ8 (ಸೋಂಕಿತ ಸೆಲ್ ಕೊಲ್ಲುವ ಟಿ ಸೆಲ್) ರೆಸ್ಪಾನ್ಸ್, ಎಚ್‌ಐವಿ ಇಲ್ಲದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಔಷಧಿಯಿಂದ ಎಚ್‌ಐವಿ ಅಡಗಿದ್ದರೂ ಈ ಸೇನೆ ಕರಗಿಲ್ಲ. ಬಹುಪಾಲು ಮೇಲ್ಮೈಯಲ್ಲಿ ಸಿಡಿ28 ಗುರುತು ಇಲ್ಲದ, ಸಿಡಿ57 ಗುರುತು ಹೊತ್ತ ಮುದಿ ಸೆಲ್‌ಗಳು. ಅದೂ ಉಳಿದಿದ್ದ ಹಳೇ ಸಿಡಿ57 ಆಂಟಿಬಾಡಿ ಹಾಕಿ ನೋಡಿದ್ದು.

ಸಿಎಂವಿ ನೆಗೆಟಿವ್ ಕಂಟ್ರೋಲ್ (ಹೋಲಿಕೆಗೆ, ಸಿಎಂವಿ ಸೋಂಕೇ ಆಗದವರು) ಹುಡುಕಿದ್ದು ಬೇರೆಯೇ ಕಥೆ. ನಮ್ಮಲ್ಲಿ ದೊಡ್ಡವರೆಲ್ಲ ಬಹುತೇಕ ಪಾಸಿಟಿವ್. ಸುಮಾರು 30 ಸಹೋದ್ಯೋಗಿಗಳ ಐಜಿಜಿ (ಸೋಂಕು ಆಗಿದ್ದನ್ನು ತೋರಿಸುವ ಆಂಟಿಬಾಡಿ) ನೋಡಿದೆ, ನೆಗೆಟಿವ್ ಒಬ್ಬನೇ ಸಿಕ್ಕ. ಈಗ ನನ್ನ ಕೈಯಲ್ಲಿ ರಕ್ತ ತೆಗೆಯುವ ಹೆಪಾರಿನ್ ಟ್ಯೂಬ್ ಕಂಡರೆ ಬೇರೆ ಬಾಗಿಲಿನಿಂದ ಹೋಗುತ್ತಾನೆ.

ನಡುವೆ ಎನ್‌ಎಲ್‌ವಿ ಟೆಟ್ರಾಮರ್ (ಪಿಪಿ65ರ ಒಂದೇ ಪೆಪ್ಟೈಡ್ ಗುರುತಿಸುವ ಟಿ ಸೆಲ್‌ಗಳಿಗೆ ಅಂಟುವ ಬಣ್ಣದ ಗುರುತು) ಹುಚ್ಚೂ ಹಿಡಿದಿತ್ತು. ಅದು ಎ*02:01 ಎಂಬ ಎಚ್‌ಎಲ್‌ಎ (ಪೆಪ್ಟೈಡನ್ನು ಟಿ ಸೆಲ್‌ಗೆ ತೋರಿಸುವ ಪ್ರೋಟೀನ್) ಬಗೆಯದ್ದು. ನಮ್ಮ ಜನರಲ್ಲಿ ಎ2 ಇದ್ದರೂ 02:11 ಜಾಸ್ತಿ. ದುಡ್ಡು ಕಟ್ಟಿದ ಮೇಲೆ ಹೊಳೆಯಿತು. ಪೂಲ್‌ಗೆ ಎಚ್‌ಎಲ್‌ಎ ಗೊಡವೆ ಇಲ್ಲ.

ಮೀಡಿಯಂಗೆ ಸೇರಿಸುವ ಸೀರಂನ ಲಾಟ್ (ತಯಾರಿಕೆಯ ಬ್ಯಾಚ್) ಮಾತ್ರ ಮೊದಲೇ ಪರೀಕ್ಷಿಸಿ. ನನ್ನ ಒಂದು ಲಾಟ್ ಪೆಪ್ಟೈಡ್ ಇಲ್ಲದೆಯೂ ಸೆಲ್ ಎಬ್ಬಿಸುತ್ತಿತ್ತು. ಆರು ಬಾಟಲಿ ಇನ್ನೂ ಫ್ರೀಜರ್‌ನಲ್ಲಿವೆ, ಸೆಲ್ ಲೈನ್ ಬೆಳೆಸುವವರು ಬಂದು ತಗೊಂಡು ಹೋಗಬಹುದು.