ಅಮೆರಿಕದ ಸಾಮ್ರಾಜ್ಯಶಾಹಿ: ನೋಟ್ಸ್ ಮಾಡಿಕೊಳ್ಳುವುದು ಹೇಗೆ?

ಜಾಗತಿಕ ಇತಿಹಾಸ ಓದುವ ಸ್ಪರ್ಧಾರ್ಥಿಗಳಿಗೆ ‘ಅಮೆರಿಕ ಸಾಮ್ರಾಜ್ಯಶಾಹಿ ಶಕ್ತಿಯಾಗಿ ಬೆಳೆದ ಬಗೆ ವಿವರಿಸಿ’ ಎಂದು ಪ್ರಶ್ನೆ ಕೊಟ್ಟು ನೋಡಿ. ಅಚ್ಚು ಹಾಕಿದಂತೆ ಒಂದೇ ಉತ್ತರ ಬರುತ್ತದೆ. 1823ರಲ್ಲಿ ಮನ್ರೋ ಸಿದ್ಧಾಂತ (ಅಮೆರಿಕ ಖಂಡಗಳಲ್ಲಿ ಯುರೋಪ್ ಕೈಹಾಕಬಾರದು ಎಂಬ ಮಾತು) ಬಂತು, 1898ರಲ್ಲಿ ಅಮೆರಿಕದ ಮೇನ್ ಹಡಗು ಸಿಡಿಯಿತು, ಸ್ಪೇನ್ ಸೋತಿತು, ಕ್ಯೂಬಾ ಮತ್ತು ಫಿಲಿಪ್ಪೀನ್ಸ್ ಅಮೆರಿಕದ ವಸಾಹತುಗಳಾದವು, ಕೊನೆಗೆ ಪನಾಮಾ ಕಾಲುವೆ. ಇದರಲ್ಲಿ ಕ್ಯೂಬಾದ ಮಾತು ತಪ್ಪು, ಉಳಿದದ್ದು ಅರ್ಧಂಬರ್ಧ. ತಪ್ಪು ಎಲ್ಲಿ ಹುಟ್ಟುತ್ತದೋ ಅಲ್ಲಿ ನಿಧಾನಿಸಿ, ಉಳಿದ ಕಡೆ ಬೇಗ ದಾಟುವ ಹಾಗೆ ನೋಟ್ಸ್ ಮಾಡಿಕೊಳ್ಳುವ ಕ್ರಮ ಇಲ್ಲಿದೆ.

ಹಂತ 1: ನಕ್ಷೆಯನ್ನು ಕತ್ತರಿಸಿ

ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪ್ರಪಂಚದ ಔಟ್‌ಲೈನ್ ನಕ್ಷೆ ಇದ್ದ ಹಾಗೇ ಬಳಸಿದರೆ ಈ ವಿಷಯಕ್ಕೆ ಒದಗುವುದಿಲ್ಲ. ಅದರಲ್ಲಿ ಪೆಸಿಫಿಕ್ ಸಾಗರ ಎರಡು ಹೋಳಾಗಿ ಹಾಳೆಯ ಎರಡು ಅಂಚಿಗೆ ಬಿದ್ದಿರುತ್ತದೆ. ಹವಾಯಿ ಎಡತುದಿಯಲ್ಲಿ, ಫಿಲಿಪ್ಪೀನ್ಸ್ ಬಲತುದಿಯಲ್ಲಿ. ಇವೆರಡಕ್ಕೂ ಸಂಬಂಧವಿದೆ ಎಂದು ಹೊಳೆಯುವುದಾದರೂ ಹೇಗೆ? ನಕ್ಷೆಯನ್ನು ಅಟ್ಲಾಂಟಿಕ್ ಸಾಗರದ ನಡುವೆ ಕತ್ತರಿಸಿ, ಅಮೆರಿಕ ಖಂಡಗಳಿರುವ ತುಂಡನ್ನು ಏಷ್ಯಾದ ಬಲಕ್ಕೆ ತಂದು ಅಂಟಿಸಿ. ಈಗ ಸ್ಯಾನ್ ಫ್ರಾನ್ಸಿಸ್ಕೊ, ಹೊನೊಲುಲು, ಗುವಾಮ್, ಮನಿಲಾ ಗುರುತಿಸಿ, ಗೆರೆ ಎಳೆಯಿರಿ. ಹೊನೊಲುಲುವಿಗೆ ಸುಮಾರು 3,800 ಕಿ.ಮೀ., ಅಲ್ಲಿಂದ ಗುವಾಮ್‌ಗೆ ಸುಮಾರು 6,100, ಮನಿಲಾಕ್ಕೆ ಮತ್ತೆ ಸುಮಾರು 2,500. ಕಲ್ಲಿದ್ದಲು ಉರಿಸಿ ಓಡುವ ಯುದ್ಧನೌಕೆ ಅಷ್ಟು ದೂರ ಹೋಗಬೇಕಾದರೆ ನಡುವೆ ಕಲ್ಲಿದ್ದಲು ತುಂಬಿಕೊಳ್ಳುವ ಬಂದರು ಬೇಕೇ ಬೇಕು. ದೊಡ್ಡ ನೌಕಾಪಡೆ, ಅದಕ್ಕೆ ದ್ವೀಪಗಳಲ್ಲಿ ನೆಲೆ, ಮಧ್ಯ ಅಮೆರಿಕದಲ್ಲೊಂದು ಕಾಲುವೆ ಎಂದು ನೌಕಾಧಿಕಾರಿ ಆಲ್ಫ್ರೆಡ್ ಮಹಾನ್ 1890ರ ದಶಕದಲ್ಲಿ ವಾದಿಸಿದ್ದು ಏಕೆ ಎಂಬುದು ಈ ಒಂದು ಗೆರೆಯಲ್ಲೇ ತಿಳಿಯುತ್ತದೆ.

ಗೆರೆಗೆ ಪೆನ್ಸಿಲ್ ಸಾಕು. ಆ ತೆಳು ಕಾಗದದ ಮೇಲೆ ಸ್ಕೆಚ್ ಪೆನ್ ಆಡಿಸಿದರೆ ಹಿಂದಿನ ಪುಟವೂ ಹಾಳು.

ಹಂತ 2: 1890ಕ್ಕಿಂತ ಹಿಂದಿನದು ನಾಲ್ಕು ಸಾಲು

ಮೂಲನಿವಾಸಿಗಳ ನೆಲ ಕಿತ್ತುಕೊಂಡು ಪಶ್ಚಿಮಕ್ಕೆ ಸರಿದದ್ದು, 1846–48ರ ಮೆಕ್ಸಿಕೊ ಯುದ್ಧ, 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರ್‍ರಿಯ ಹಡಗುಗಳು ಜಪಾನಿನ ಬಾಗಿಲಿಗೆ ಹೋದದ್ದು, 1867ರಲ್ಲಿ 72 ಲಕ್ಷ ಡಾಲರ್‌ಗೆ ರಷ್ಯಾದಿಂದ ಅಲಾಸ್ಕಾ ಕೊಂಡದ್ದು. ಇಷ್ಟು ಸಾಕು. ಮನ್ರೋ ಸಿದ್ಧಾಂತಕ್ಕೆ ಒಂದು ಪುಟ ಕೊಡಬೇಡಿ. 1823ರಲ್ಲಿ ಅದನ್ನು ಜಾರಿ ಮಾಡುವಷ್ಟು ನೌಕಾಬಲ ಅಮೆರಿಕಕ್ಕೆ ಇರಲೇ ಇಲ್ಲ. ಆ ಮಾತಿಗೆ ಹಲ್ಲು ಬಂದದ್ದು ಬಹಳ ತಡವಾಗಿ.

ಹಂತ 3: ಕಾರಣಗಳ ಜೊತೆಗೆ ಹವಾಯಿ

ಗೈಡುಗಳಲ್ಲಿ ಕಾರಣಗಳ ಪಟ್ಟಿ ಸಿಗುತ್ತದೆ: ಹೆಚ್ಚಿದ ಉತ್ಪಾದನೆಗೆ ಮಾರುಕಟ್ಟೆ, 1893ರ ಆರ್ಥಿಕ ಕುಸಿತ, ಜನಾಂಗೀಯ ಶ್ರೇಷ್ಠತೆಯ ಭ್ರಮೆ, ಮಿಷನರಿಗಳು, ಯುರೋಪಿನ ಪೈಪೋಟಿ. ಪಟ್ಟಿ ಸುಳ್ಳಲ್ಲ. ಆದರೆ ಒಂದು ಜಾಗದಲ್ಲಿ ಇವು ಹೇಗೆ ಕೆಲಸ ಮಾಡಿದವು ಎಂದು ತೋರಿಸದಿದ್ದರೆ ಉತ್ತರಕ್ಕೆ ಜೀವ ಬರುವುದಿಲ್ಲ. ಅದಕ್ಕೆ ಹವಾಯಿಯೇ ತಕ್ಕ ಉದಾಹರಣೆ. 1890ರ ಅಮೆರಿಕದ ಸುಂಕದ ಕಾಯ್ದೆಯಿಂದ ಹವಾಯಿಯ ಸಕ್ಕರೆಗಿದ್ದ ವಿಶೇಷ ಲಾಭ ಹೋಯಿತು. 1893ರ ಜನವರಿಯಲ್ಲಿ ಅಮೆರಿಕ ಮೂಲದವರೇ ಹೆಚ್ಚಾಗಿದ್ದ ವ್ಯಾಪಾರಿಗಳು, ತೋಟಗಳ ಹಿತ ಕಾಯುವವರು ಸೇರಿ ರಾಣಿ ಲಿಲಿಯುಓಕಲಾನಿಯನ್ನು ಕೆಳಗಿಳಿಸಿದರು. ಅಮೆರಿಕದ ರಾಯಭಾರ ಪ್ರತಿನಿಧಿಯ ಬೆಂಬಲವಿತ್ತು, ಯುದ್ಧನೌಕೆಯಿಂದ ಸೈನಿಕರೂ ದಡಕ್ಕಿಳಿದರು. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ವಿಲೀನಕ್ಕೆ ಒಪ್ಪಲಿಲ್ಲ. 1897ರಲ್ಲಿ 21 ಸಾವಿರಕ್ಕೂ ಹೆಚ್ಚು ಹವಾಯಿಯನ್ನರು ವಿಲೀನ ಬೇಡವೆಂದು ಸಹಿ ಹಾಕಿದರು. ಆದರೂ 1898ರ ಜುಲೈನಲ್ಲಿ, ಸ್ಪೇನ್ ಜೊತೆಗಿನ ಯುದ್ಧದ ಗದ್ದಲದ ನಡುವೆ, ವಿಲೀನ ನಡೆದೇ ಹೋಯಿತು. ಅದೂ ಒಪ್ಪಂದದ ಮೂಲಕವಲ್ಲ, ಎರಡೂ ಸದನಗಳಲ್ಲಿ ಬರೀ ಬಹುಮತ ಸಾಕಾಗುವ ಜಂಟಿ ನಿರ್ಣಯದ ಮೂಲಕ. ಒಪ್ಪಂದಕ್ಕೆ ಸೆನೆಟ್‌ನಲ್ಲಿ ಬೇಕಾದ ಮೂರನೇ ಎರಡರಷ್ಟು ಮತ ಒದಗಿರಲಿಲ್ಲ.

ಹಂತ 4: 1898, ಎಡವುವ ಜಾಗ

ಮೊದಲು ಮೇನ್ ಹಡಗಿನ ವಿಷಯ ಮುಗಿಸಿಬಿಡೋಣ. 1898ರ ಫೆಬ್ರುವರಿ 15ರ ರಾತ್ರಿ ಹವಾನಾ ಬಂದರಿನಲ್ಲಿ ಅದು ಸಿಡಿದು 260ಕ್ಕೂ ಹೆಚ್ಚು ಮಂದಿ ಸತ್ತರು. ಹೊರಗಿನಿಂದ ಸಿಡಿಗುಂಡು (ಮೈನ್) ತಗುಲಿದೆ ಎಂದು ಆಗಿನ ನೌಕಾ ತನಿಖೆ ಹೇಳಿತು; ಹಡಗಿನೊಳಗಿನ ಕಲ್ಲಿದ್ದಲ ಬೆಂಕಿಯೇ ಕಾರಣವಿರಬೇಕು ಎಂದು ಅಡ್ಮಿರಲ್ ರಿಕೋವರ್ ನೇತೃತ್ವದ 1976ರ ಅಧ್ಯಯನ ಹೇಳಿತು. ‘ಸ್ಪೇನ್ ಸಿಡಿಸಿತು’ ಎಂದೂ ಬರೆಯಬೇಡಿ, ಯೂಟ್ಯೂಬ್ ಪಂಡಿತರ ಮಾತು ನಂಬಿ ‘ಅಮೆರಿಕವೇ ಸಿಡಿಸಿಕೊಂಡಿತು’ ಎಂದೂ ಬರೆಯಬೇಡಿ. ಹರ್ಸ್ಟ್, ಪುಲಿಟ್ಜರ್ ಪತ್ರಿಕೆಗಳ ಅಬ್ಬರಕ್ಕೂ ಒಂದೇ ವಾಕ್ಯ. ಪುಟ ಕೊಡಬೇಕಾದದ್ದು 1895ರಿಂದ ಸ್ಪೇನಿನ ಆಳ್ವಿಕೆಯ ವಿರುದ್ಧ ನಡೆಯುತ್ತಿದ್ದ ಕ್ಯೂಬನ್ನರ ಬಂಡಾಯಕ್ಕೆ, ಹಳ್ಳಿಯವರನ್ನು ಶಿಬಿರಗಳಿಗೆ ದಬ್ಬಿ ಹಸಿವು, ರೋಗಗಳಿಗೆ ಬಲಿಕೊಟ್ಟ ಸ್ಪೇನಿನ ದಂಡನಾಯಕ ವೇಲರ್‌ನ ಕ್ರಮಕ್ಕೆ. ಕ್ಯೂಬನ್ನರು ಅಷ್ಟು ಹೊತ್ತಿಗೆ ಮೂರು ವರ್ಷ ಹೋರಾಡಿದ್ದರು ಎಂಬುದನ್ನು ಬಿಟ್ಟರೆ ಇಡೀ ಯುದ್ಧ ಅಮೆರಿಕದ ಉಪಕಾರದಂತೆ ಕಾಣುತ್ತದೆ.

ಈಗ ಒಂದು ಹಾಳೆಯನ್ನು ಅಡ್ಡ ಇಟ್ಟುಕೊಂಡು ಕೋಷ್ಟಕ ಎಳೆಯಿರಿ. ಸಾಲುಗಳು: ಕ್ಯೂಬಾ, ಪೋರ್ಟೊ ರಿಕೊ, ಫಿಲಿಪ್ಪೀನ್ಸ್, ಹವಾಯಿ. ಕಾಲಂಗಳು: ಕೊಟ್ಟ ಮಾತು, ಮಾಡಿದ ಕಾಯ್ದೆ, ಎಲ್ಲಿಯವರೆಗೆ. ಇದನ್ನು ರೆಡಿಮೇಡ್ ತರಬೇಡಿ. ಮಾರುಕಟ್ಟೆಯ ಗೈಡೊಂದರಲ್ಲಿ ನಾಲ್ಕೂ ಸಾಲಿನ ಮುಂದೆ ‘ವಸಾಹತು’ ಎಂದು ಅಚ್ಚಾಗಿದೆ. ಹಾಗಿದ್ದರೆ ಕೋಷ್ಟಕ ಯಾಕೆ ಬೇಕಿತ್ತು?

ಕ್ಯೂಬಾದ ಸಾಲು ತುಂಬುವಾಗ ಅಮೆರಿಕದ ಸಂಸತ್ತು (ಕಾಂಗ್ರೆಸ್) ಮಾಡಿದ ಎರಡು ತಿದ್ದುಪಡಿಗಳನ್ನು ಬೇರೆ ಬೇರೆ ಇಡಿ. 1898ರ ಏಪ್ರಿಲ್‌ನ ಟೆಲ್ಲರ್ ತಿದ್ದುಪಡಿ: ಕ್ಯೂಬಾವನ್ನು ನಾವು ಇಟ್ಟುಕೊಳ್ಳುವುದಿಲ್ಲ ಎಂಬ ಮಾತು. 1901ರ ಪ್ಲಾಟ್ ತಿದ್ದುಪಡಿ: ಕ್ಯೂಬಾ ಸ್ವತಂತ್ರ, ಆದರೆ ಮಧ್ಯಪ್ರವೇಶಿಸುವ ಹಕ್ಕು ನಮಗಿರಬೇಕು, ವಿದೇಶಿ ಒಪ್ಪಂದ, ಸಾಲಗಳಿಗೆ ಮಿತಿ ಇರಬೇಕು, ನೌಕಾನೆಲೆಗೆ ಜಾಗ ಕೊಡಬೇಕು. ಇದನ್ನು ಕ್ಯೂಬಾ ತನ್ನ ಸಂವಿಧಾನಕ್ಕೇ ಸೇರಿಸಬೇಕಾಯಿತು. ಸೇರಿಸದಿದ್ದರೆ ಅಮೆರಿಕದ ಸೈನ್ಯ ಹೊರಡುವುದಿಲ್ಲ ಎಂಬ ಷರತ್ತು. ಭಾರತೀಯ ಇತಿಹಾಸದಲ್ಲಿ ಸಹಾಯಕ ಸೈನ್ಯ ಪದ್ಧತಿ ಓದಿದವರಿಗೆ ಈ ಧಾಟಿ ಪರಿಚಿತ, ಆದರೆ ಆ ಹೋಲಿಕೆಯನ್ನು ಉತ್ತರದಲ್ಲಿ ಬರೆಯಲು ಹೋಗಬೇಡಿ. ಸೈನ್ಯ 1902ರಲ್ಲಿ ಹೊರಟಿತು, 1906ರಲ್ಲಿ ಮತ್ತೆ ಬಂತು. ತಿದ್ದುಪಡಿ 1934ರಲ್ಲಿ ರದ್ದಾಯಿತು. 1903ರಲ್ಲಿ ಗುತ್ತಿಗೆಗೆ ಪಡೆದ ಗ್ವಾಂಟನಾಮೊ ಮಾತ್ರ ಇಂದಿಗೂ ಅಮೆರಿಕದ ಕೈಯಲ್ಲೇ ಇದೆ.

ಟೆಲ್ಲರ್ ತಿದ್ದುಪಡಿಯಲ್ಲಿ ಕ್ಯೂಬಾದ ಹೆಸರಿತ್ತು, ಬೇರೆ ಯಾವ ನೆಲದ ಹೆಸರೂ ಇರಲಿಲ್ಲ. ಫಿಲಿಪ್ಪೀನ್ಸ್ ಸಾಲು ತುಂಬುವ ಮುನ್ನ ಈ ವಾಕ್ಯವನ್ನು ಅಡಿಗೆರೆ ಹಾಕಿ ಬರೆದುಕೊಳ್ಳಿ. ಕ್ಯೂಬಾಕ್ಕಾಗಿ ಎಂದು ಸಾರಿದ ಯುದ್ಧದ ಮೊದಲ ದೊಡ್ಡ ಕಾಳಗ ಮೇ 1ರಂದು ನಡೆದದ್ದು ಸ್ಪೇನಿನದೇ ವಸಾಹತಾಗಿದ್ದ ಫಿಲಿಪ್ಪೀನ್ಸ್‌ನ ಮನಿಲಾ ಕೊಲ್ಲಿಯಲ್ಲಿ. ಅಮೆರಿಕದ ನೌಕಾಧಿಕಾರಿ ಡ್ಯೂಯಿಯ ದಳ ಕೆಲವೇ ಗಂಟೆಗಳಲ್ಲಿ ಸ್ಪೇನಿನ ಹಡಗುಗಳನ್ನು ಮುಗಿಸಿತು. ಜೂನ್ 12ರಂದು ಅಲ್ಲಿನ ಬಂಡಾಯದ ನಾಯಕ ಅಗಿನಾಲ್ಡೊ ಫಿಲಿಪ್ಪೀನ್ಸ್‌ನ ಸ್ವಾತಂತ್ರ್ಯ ಘೋಷಿಸಿದ. ಆಗಸ್ಟ್‌ನಲ್ಲಿ ಮನಿಲಾ ಶರಣಾದಾಗ, ಸ್ಪೇನ್ ಮತ್ತು ಅಮೆರಿಕ ಮೊದಲೇ ಮಾತಾಡಿಕೊಂಡು, ಊರನ್ನು ಸುತ್ತುವರಿದಿದ್ದ ಅವನ ಪಡೆಯನ್ನೇ ಹೊರಗಿಟ್ಟವು. ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದ ಮಾತುಕತೆಯಲ್ಲಿ ಕ್ಯೂಬನ್ನರಿಗೂ ಜಾಗವಿಲ್ಲ, ಫಿಲಿಪ್ಪೀನ್ಸ್‌ನವರಿಗೂ ಇಲ್ಲ. ಎರಡು ಕೋಟಿ ಡಾಲರ್ ಕೊಟ್ಟು ಅಮೆರಿಕ ಫಿಲಿಪ್ಪೀನ್ಸ್ ಪಡೆಯಿತು. ಪೋರ್ಟೊ ರಿಕೊ, ಗುವಾಮ್ ಕೂಡ ಬಂದವು. 1899ರ ಫೆಬ್ರುವರಿ 6ರಂದು ಸೆನೆಟ್ ಇದನ್ನು 57–27ರಲ್ಲಿ ಅನುಮೋದಿಸಿತು, ಬೇಕಾದದ್ದಕ್ಕಿಂತ ಒಂದೇ ಮತ ಹೆಚ್ಚು. ಅದಕ್ಕೆ ಎರಡು ದಿನ ಮೊದಲೇ ಮನಿಲಾದ ಹೊರವಲಯದಲ್ಲಿ ಅಮೆರಿಕನ್ನರಿಗೂ ಅಗಿನಾಲ್ಡೊನ ಸೈನಿಕರಿಗೂ ಗುಂಡಿನ ಚಕಮಕಿ ಶುರುವಾಗಿತ್ತು.

ಸ್ಪೇನ್ ವಿರುದ್ಧದ ಯುದ್ಧ ನಾಲ್ಕು ತಿಂಗಳೊಳಗೆ ಮುಗಿದಿತ್ತು. ಫಿಲಿಪ್ಪೀನ್ಸ್‌ನವರ ಜೊತೆಗಿನ ಈ ಯುದ್ಧ ಅಧಿಕೃತವಾಗಿಯೇ 1902ರ ಜುಲೈವರೆಗೆ ನಡೆಯಿತು, ದಕ್ಷಿಣದ ಮೋರೋ (ಮುಸ್ಲಿಂ) ಪ್ರದೇಶದಲ್ಲಿ ಇನ್ನೂ ಹತ್ತು ವರ್ಷ ಎಳೆಯಿತು. 4,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಫಿಲಿಪ್ಪೀನ್ಸ್‌ನ ಹೋರಾಟಗಾರರಲ್ಲಿ ಸುಮಾರು 20 ಸಾವಿರ, ಹಸಿವು, ಕಾಲರಾ ಸೇರಿದಂತೆ ಸತ್ತ ನಾಗರಿಕರು ಸುಮಾರು ಎರಡು ಲಕ್ಷ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಸ್ಪೇನ್ ಮಾಡಿದ್ದ ಅದೇ ಶಿಬಿರದ ತಂತ್ರವನ್ನು ಅಮೆರಿಕವೂ ಇಲ್ಲಿ ಬಳಸಿತು. ಸ್ವಾತಂತ್ರ್ಯ ಬಂದದ್ದು 1946ರಲ್ಲಿ. ಈ ಯುದ್ಧಕ್ಕೆ ಗೈಡುಗಳಲ್ಲಿ ಒಂದು ಸಾಲೂ ಇರುವುದಿಲ್ಲ.

ಪೋರ್ಟೊ ರಿಕೊ ಮುಂದೆ ದ್ವೀಪದ ಆಡಳಿತವನ್ನು ರೂಪಿಸಿದ 1900ರ ಫೋರೇಕರ್ ಕಾಯ್ದೆ, 1901ರ ಡೌನ್ಸ್ ಪ್ರಕರಣ. ದ್ವೀಪ ಅಮೆರಿಕಕ್ಕೆ ಸೇರಿದ್ದು ನಿಜ, ಆದರೆ ಸಂವಿಧಾನ ಅಲ್ಲಿ ಪೂರ್ತಿ ಅನ್ವಯಿಸಬೇಕಿಲ್ಲ ಎಂಬುದು ಸುಪ್ರೀಂ ಕೋರ್ಟ್ ತೀರ್ಪಿನ ಸಾರ. 1917ರಲ್ಲಿ ಪೌರತ್ವ ಸಿಕ್ಕಿತು. ದ್ವೀಪದಲ್ಲಿ ನೆಲೆಸಿದವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಈಗಲೂ ಇಲ್ಲ. ಹವಾಯಿಯ ಕೊನೆಯ ಕಾಲಂಗೆ: 1959ರಲ್ಲಿ ರಾಜ್ಯವಾಯಿತು. ಎಲ್ಲೂ ಒಂದೇ ಪದ್ಧತಿ ಇಲ್ಲ ಎಂಬುದೇ ಅಮೆರಿಕದ ವಿಶೇಷ, ನಿಮ್ಮ ಉತ್ತರದ ಬೆನ್ನೆಲುಬೂ ಅದೇ ಆಗಬೇಕು.

ಹಂತ 5: ವಿರೋಧಿಗಳು

1898ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಸಾಮ್ರಾಜ್ಯಶಾಹಿ ವಿರೋಧಿ ಲೀಗ್, ಅದರ ಜೊತೆಗಿದ್ದ ಮಾರ್ಕ್ ಟ್ವೇನ್, ಉಕ್ಕಿನ ದೊರೆ ಕಾರ್ನೆಗಿ. ಎಲ್ಲರನ್ನೂ ಮಹಾತ್ಮರನ್ನಾಗಿ ಮಾಡಬೇಡಿ. ವಿರೋಧಿಸಿದವರಲ್ಲಿ ಹಲವರಿಗಿದ್ದ ಚಿಂತೆ, ಕಂದುಬಣ್ಣದ ಜನ ತಮ್ಮ ದೇಶದ ಪ್ರಜೆಗಳಾಗಿಬಿಟ್ಟಾರು ಎಂಬುದು.

ಹಂತ 6: 1899ರ ನಂತರದ್ದು

ಸುಲಭ. ಚೀನಾದಲ್ಲಿ ಎಲ್ಲ ದೇಶಗಳಿಗೂ ವ್ಯಾಪಾರದ ಸಮಾನ ಅವಕಾಶ ಇರಬೇಕೆಂಬ ಮುಕ್ತ ದ್ವಾರ ನೀತಿ (1899), ಕೊಲಂಬಿಯಾದಿಂದ ಬೇರೆಯಾದ ಪನಾಮಾ (1903), ಕಾಲುವೆ (1914), ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಮಧ್ಯಪ್ರವೇಶಿಸುವ ಹಕ್ಕು ನಮಗಿದೆ ಎಂದು ಮನ್ರೋ ಸಿದ್ಧಾಂತಕ್ಕೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸೇರಿಸಿದ ಬಾಲಂಗೋಚಿ (1904). ಇಲ್ಲಿ ಮೂವರು ಅಧ್ಯಕ್ಷರ ಬಗ್ಗೆ ಕೋಚಿಂಗ್ ತರಗತಿಗಳ ಒಂದು ಸೂತ್ರವಿದೆ: ರೂಸ್‌ವೆಲ್ಟ್ ದೊಣ್ಣೆ (ಸೈನ್ಯಬಲ), ಟಾಫ್ಟ್ ಡಾಲರ್ (ಹಣದ ಬಲ), ವಿಲ್ಸನ್ ನೀತಿ (ನೈತಿಕತೆ). ನೆನಪಿಗೆ ಚೆಂದ. ಆದರೆ 1914ರಲ್ಲಿ ಮೆಕ್ಸಿಕೊದ ವೆರಾಕ್ರೂಜ್‌ಗೆ, 1915ರಲ್ಲಿ ಹೈಟಿಗೆ, 1916ರಲ್ಲಿ ಡೊಮಿನಿಕನ್ ಗಣರಾಜ್ಯಕ್ಕೆ ಸೈನ್ಯ ಕಳಿಸಿದ್ದು ಆ ‘ನೀತಿ’ಯ ವಿಲ್ಸನ್ನರೇ. ಸೂತ್ರ ಬರೆದರೆ ಪಕ್ಕದಲ್ಲಿ ಈ ಮೂರು ಇಸವಿಯನ್ನೂ ಬರೆಯಿರಿ.

ಹಂತ 7: ಎಲ್ಲಿ ನಿಲ್ಲಿಸಬೇಕು

1934ಕ್ಕೆ. ಪ್ಲಾಟ್ ರದ್ದಾದದ್ದು, ಹೈಟಿಯಿಂದ ಸೈನ್ಯ ಹೊರಟದ್ದು, ಫಿಲಿಪ್ಪೀನ್ಸ್ ಸ್ವಾತಂತ್ರ್ಯಕ್ಕೆ ಕಾಯ್ದೆಯಾಗಿ ಗಡುವು ಸಿಕ್ಕಿದ್ದು ಆ ವರ್ಷವೇ. ವಿಯೆಟ್ನಾಂ, ಇರಾಕ್ ಪ್ರಶ್ನೆಯಲ್ಲಿ ಕೇಳಿದ್ದರೆ ಮಾತ್ರ ತನ್ನಿ. 250 ಪದಗಳಲ್ಲಿ ನೂರು ಪದ ಹಂತ 4ಕ್ಕೆ ಕೊಡಿ, ಹೊಸ ನಕ್ಷೆಯ ಪುಟ್ಟ ಗೆರೆಚಿತ್ರವನ್ನು ಅಂಚಿನಲ್ಲಿ ಬಿಡಿಸಿ. ‘ವಿಮರ್ಶಿಸಿ’ ಎಂದು ಕೇಳಿದ್ದರೆ ಹಂತ 5ಕ್ಕೆ ಇನ್ನೂ ಎರಡು ವಾಕ್ಯ ಉಳಿಸಿಕೊಳ್ಳಿ.