ಮೇ ರಜೆಯಲ್ಲಿ ಜುವಾರಿನಗರಕ್ಕೆ ಹೋಗಿ ವಿಬಿಎಸ್ ನಡೆಸಿದ್ದು

ಹುಬ್ಬಳ್ಳಿಯ ನಮ್ಮ ಸಭೆಯ, ಅಂದರೆ ಚರ್ಚಿನ, ಯೌವನಸ್ಥರ ಕೂಟದಿಂದ ರಜೆಗೆ ಗೋವಾಕ್ಕೆ ಹೊರಟಿದ್ದೇವೆ ಅಂದಾಗ ಕಾಲೇಜಿನ ಗೆಳತಿಯರು ಕೇಳಿದ್ದು ಒಂದೇ, ಯಾವ ಬೀಚ್? ನಾವು ಹೋಗಿದ್ದು ಜುವಾರಿನಗರಕ್ಕೆ. ವಾಸ್ಕೋ ಬಸ್ಸಿನಲ್ಲಿ ಬಿರ್ಲಾ ಅಂದರೆ ಸಾಕು, ಇಳಿಸುತ್ತಾರೆ. ಗೊಬ್ಬರದ ಫ್ಯಾಕ್ಟರಿ ಪಕ್ಕದ ಊರು. ಇಳಿದ ಕೂಡಲೇ ಗದಗ, ಬಾಗಲಕೋಟೆ, ವಿಜಯಪುರದ ಮಾತು ಕಿವಿಗೆ ಬೀಳುತ್ತದೆ. ಗಾರೆ ಕೆಲಸ, ಮನೆಗೆಲಸ, ಬಂದರಿನ ಕೂಲಿ ಅಂತ ಬಂದು ಅಲ್ಲೇ ನೆಲೆಸಿದವರು.

ವಿಬಿಎಸ್ ಅಂದರೆ ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ. ಹಾಡು, ಕಥೆ, ಕಂಠಪಾಠ, ಆಟ, ಒಂದಿಷ್ಟು ಕ್ರಾಫ್ಟ್. ಅಲ್ಲಿ ಬಾಡಿಗೆ ಕೋಣೆಯಲ್ಲಿ ಒಂದು ಚಿಕ್ಕ ಕನ್ನಡ ಸಭೆ ಇದೆ, ಅದರ ಸಂಡೇ ಸ್ಕೂಲ್ ನಡೆಸುವವರು ದಿನವಿಡೀ ಬ್ಲೌಸ್ ಹೊಲಿಯುವ ಒಬ್ಬ ಆಂಟಿ. ಹೊರಡುವ ಮೊದಲೇ ಅವರಿಗೆ ಫೋನ್ ಮಾಡಿ ಏನು ಬೇಕು ಅಂತ ಕೇಳಿದೆವು. ಎಷ್ಟೋ ತಂಡಗಳು ಇದನ್ನು ಮಾಡುವುದಿಲ್ಲ, ತಮ್ಮ ಪ್ರೋಗ್ರಾಂ ತಾವೇ ಹೊತ್ತುಕೊಂಡು ಬಂದು ಇಳಿಯುತ್ತಾರೆ. ನಾಲ್ಕು ದಿನ ಇದ್ದು ಹೋಗುವವರಿಗಿಂತ ವರ್ಷವಿಡೀ ಇರುವವರಿಗೇ ಅಲ್ಲವಾ ಗೊತ್ತಿರುವುದು? ಆಂಟಿ ಸೀದಾ ಹೇಳಿದರು, "ಚಾರ್ಟ್ ಗೀರ್ಟ್ ತರಬ್ಯಾಡ್ರಿ. ನಮ್ಮ ಹುಡುಗ್ರಿಗೆ ಕನ್ನಡ ಮಾತಾಡಾಕ ಬರ್ತೈತಿ, ಓದಾಕ ಬರಂಗಿಲ್ಲ."

ಹೆಚ್ಚಿನ ಮಕ್ಕಳು ಮರಾಠಿ, ಕೊಂಕಣಿ ಇಲ್ಲವೇ ಇಂಗ್ಲಿಷ್ ಶಾಲೆಯವರು. ಹಾಗಾಗಿ ಕಂಠಪಾಠಕ್ಕೆಲ್ಲ ಕೈ ಅಭಿನಯ ಜೋಡಿಸಿದೆವು. 23ನೇ ಕೀರ್ತನೆಯ "ಯೆಹೋವನು ನನಗೆ ಕುರುಬನು" ಅನ್ನುವುದಕ್ಕೆ ಹೆಗಲ ಮೇಲೆ ಕೋಲು ಇಟ್ಟುಕೊಂಡು ನಡೆಯುವುದು. ಒಂದೇ ಬೆಳಿಗ್ಗೆಗೆ ಬಾಯಿಪಾಠ ಆಯಿತು.

ಮೊದಲ ದಿನ ಸಂಜೆ ಆಂಟಿ ಜೊತೆ ಮನೆಮನೆಗೆ ಹೋದೆವು. ಬೈಬಲ್ ಕಥೆ ಹೇಳುತ್ತೇವೆ, ಕಳಿಸುವುದು ಬಿಡುವುದು ನಿಮ್ಮಿಷ್ಟ ಅಂತ ತಾಯಂದಿರಿಗೆ ಬಾಯಿಬಿಟ್ಟು ಹೇಳಿದೆವು. ಮುಚ್ಚಿಡಬಾರದು. ಒಬ್ಬರು ಬೇಡ ಅಂದರು, ಆದರೂ ಚಹಾ ಕುಡಿಸಿಯೇ ಕಳಿಸಿದರು. ಮಕ್ಕಳ ಫೋಟೋ ತೆಗೆದು ಸ್ಟೇಟಸ್ ಹಾಕುವುದು ಬೇಡ ಅಂತ ನಮ್ಮೊಳಗೇ ತೀರ್ಮಾನ ಆಗಿತ್ತು.

ಟೈಮ್‌ಟೇಬಲ್ ಅನ್ನು ನಿಜವಾಗಿ ನಡೆಸಿದ್ದು ನೀರಿನ ಟ್ಯಾಂಕರ್. ಹಾರ್ನ್ ಕೇಳಿದ್ದೇ ತಡ, ಹಾಡು ಅರ್ಧಕ್ಕೆ ಬಿಟ್ಟು ದೊಡ್ಡ ಹುಡುಗಿಯರೆಲ್ಲ ಕೊಡ ಹಿಡಿದು ಓಟ, ಅವರ ಕಂಕುಳಲ್ಲಿದ್ದ ಪುಟ್ಟ ತಮ್ಮ ತಂಗಿಯರು ನಮ್ಮ ಮಡಿಲಿಗೆ. ನಮ್ಮ ಹುಡುಗರೂ ಕೊಡ ಎತ್ತಲು ಹೋದರು. ಆಮೇಲೆ ಉಳಿದ ಹಾಡು.

ಕಥೆ ಲೂಕ 15ರ ಕಳೆದುಹೋದ ಕುರಿಯದು. ಕುರುಬ ತೊಂಬತ್ತೊಂಬತ್ತು ಕುರಿಗಳನ್ನು ಅಡವಿಯಲ್ಲಿ ಬಿಟ್ಟು ಒಂದನ್ನು ಹುಡುಕಿ ಹೋದ ಅಂದೆ. ಮುಧೋಳ ಕಡೆಯ ಒಬ್ಬ ಹುಡುಗ ಎದ್ದು ನಿಂತ. "ಅಕ್ಕಾರ, ಹಂಗ ಬಿಟ್ಟು ಹೋದ್ರ ತೋಳ ಬರ್ತಾವಲ್ರೀ? ನಮ್ಮ ಕಾಕಾ ಇನ್ನೊಬ್ಬಾಂವಗ ನೋಡ್ಕೋ ಅಂತ ಹೇಳಿ ಹೊಕ್ಕಾನ." ಸಂಡೇ ಸ್ಕೂಲಿನಲ್ಲಿ ಈ ಕಥೆ ಎಷ್ಟೋ ಸಲ ಕೇಳಿದ್ದೇನೆ, ಆ ತೊಂಬತ್ತೊಂಬತ್ತರ ಚಿಂತೆ ಯಾರಿಗೂ ಬಂದಿರಲಿಲ್ಲ. ಹಾಗಾದರೆ ಉಳಿದವನ್ನು ನೋಡಿಕೊಂಡವರು ಯಾರಿರಬಹುದು ಅಂತ ಅವರಿಗೇ ಕೇಳಿದೆ. ಆ ದಿನದ ಉಳಿದ ಹೊತ್ತು ಅದರಲ್ಲೇ ಹೋಯಿತು, ಕ್ರಾಫ್ಟ್ ಹಾಗೇ ಉಳಿಯಿತು.

ಭಾನುವಾರ ಮಧ್ಯಾಹ್ನ ಓಲ್ಡ್ ಗೋವಾ. ಮಿಷನರಿ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ ಗೋವಾಕ್ಕೆ ಬಂದದ್ದೂ ಮೇ ತಿಂಗಳಲ್ಲೇ, 1542ರಲ್ಲಿ. ಬೀದಿಯಲ್ಲಿ ಗಂಟೆ ಬಾರಿಸುತ್ತ ಮಕ್ಕಳನ್ನು ಕರೆಯುತ್ತಿದ್ದರಂತೆ. ನಾವು ತಟ್ಟೆ ಚಮಚ ಬಾರಿಸಿ ಕರೆಯುತ್ತಿದ್ದವರು, ಕೇಳಿ ಖುಷಿಯಾಯಿತು. ಆದರೆ 1546ರಲ್ಲಿ ಪೋರ್ಚುಗಲ್ ರಾಜನಿಗೆ ಪತ್ರ ಬರೆದು ಗೋವಾಕ್ಕೆ ಇನ್‌ಕ್ವಿಸಿಷನ್ (ಚರ್ಚಿನ ನಂಬಿಕೆಗೆ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ನ್ಯಾಯಾಲಯ) ಬೇಕು ಅಂದವರೂ ಅವರೇ. ಅವರು ತೀರಿಕೊಂಡ ಮೇಲೆ 1560ರಲ್ಲಿ ಅದು ಬಂದೇ ಬಂತು. ಬಾಮ್ ಜೀಸಸ್ ಬಸಿಲಿಕಾದಲ್ಲಿ ಅವರ ದೇಹ ಇಟ್ಟಿರುವ ಬೆಳ್ಳಿ ಪೆಟ್ಟಿಗೆ ನೋಡುತ್ತಾ ನನಗೆ ಎರಡೂ ನೆನಪಾದವು. ಮಿಷನ್ ಅಂತ ಹೊರಡುವವರು ಎರಡನ್ನೂ ತಿಳಿದಿರಬೇಕು, ಅಲ್ವಾ?

ಹೋಗುವವರಿಗೆ ಒಂದೆರಡು ಮಾತು. ಮೇನಲ್ಲಿ ಸೆಕೆ ವಿಪರೀತ, ಕ್ಲಾಸು ಬೆಳಿಗ್ಗೆಯೇ ಮುಗಿಸಿ. ಜಾತ್ರೆ, ಮದುವೆ ಅಂತ ಎಷ್ಟೋ ಮನೆಯವರು ಊರಿಗೆ ಹೋಗಿರುತ್ತಾರೆ, ಮಕ್ಕಳು ಕಡಿಮೆ ಬಂದರೆ ಬೇಜಾರಾಗಬೇಡಿ. ತಿಂಡಿಗೆ ಬಾಳೆಹಣ್ಣು, ಚುರುಮುರಿ ಸಾಕು. ಉಳಿದ ದುಡ್ಡನ್ನು ಅಲ್ಲಿನ ಟೀಚರ್ ಕೈಗೆ ಕೊಡಿ. ನಮ್ಮ ಆಂಟಿ ಅದರಲ್ಲಿ ಕನ್ನಡ ಅಂಕಲಿಪಿ ತರಿಸಿಕೊಂಡರು, ಈಗ ಶನಿವಾರ ಸಂಜೆ ಮಕ್ಕಳಿಗೆ ಅ ಆ ಇ ಈ ಹೇಳಿಕೊಡುತ್ತಿದ್ದಾರೆ.