ರಾತ್ರಿ 3ಕ್ಕೆ ಬನ್ನಿ, ರಾಗಿ ಹೂ ಬಿಡುತ್ತೆ

ನನ್ನ ಮೊದಲ ಸಂದರ್ಶನ ಹನ್ನೊಂದು ನಿಮಿಷಕ್ಕೆ ಮುಗಿದುಹೋಗಿತ್ತು. ಅವರು ಪಾಪ ಒಂದು ಗಂಟೆ ಕೊಟ್ಟಿದ್ದರು. ಆಂಟೆನಾ ಕೆಲಸದಲ್ಲೇ ಆಯಸ್ಸು ಕಳೆದ ನಿವೃತ್ತ ಇಂಜಿನಿಯರ್. ಹಾಲ್‌ನಲ್ಲಿ ಕೂರಿಸಿ, ಕಾಫಿ ಕೊಟ್ಟು, ಸದ್ದು ಬರುತ್ತೆ ಅಂತ ತಾವೇ ಎದ್ದು ಫ್ಯಾನ್ ಆರಿಸಿದ್ದರು. ನನ್ನ ಕೈಯಲ್ಲಿ ಹದಿನೆಂಟು ಪ್ರಶ್ನೆಗಳ ಪಟ್ಟಿ.

"ನಿಮಗೆ ಸ್ಫೂರ್ತಿ ಯಾರು ಸಾರ್?"

"ನಮ್ಮ ತಂದೆಯವರು."

"ಯುವಜನರಿಗೆ ನಿಮ್ಮ ಸಂದೇಶ?"

"ಚೆನ್ನಾಗಿ ಓದಬೇಕು."

ಹೀಗೇ ಹದಿನೆಂಟೂ ಖಾಲಿಯಾದವು. ಫೋನ್ ಎತ್ತಿ ರೆಕಾರ್ಡಿಂಗ್ ನಿಲ್ಲಿಸಿದೆ. ಸುಮ್ನೆ ಎದ್ದು ಹೋಗುವುದು ಹೇಗೆ ಅಂತ, ಎತ್ತಿನ ಗಾಡಿಯ ಆ ಹಳೇ ಫೋಟೋ ವಿಷಯ ತೆಗೆದೆ. ನೀವೂ ನೋಡಿರುತ್ತೀರಿ. ಇಸ್ರೋದವರ ಆಪಲ್ ಅನ್ನುವ ಉಪಗ್ರಹವನ್ನು ಗಾಡಿಯ ಮೇಲೆ ಇಟ್ಟಿದ್ದಾರೆ, ಮುಂದೆ ಎತ್ತುಗಳು. ಅದೇ ಉಪಗ್ರಹ 1981ರ ಜೂನ್‌ನಲ್ಲಿ ಏರಿಯಾನ್ ರಾಕೆಟ್ಟಿನಲ್ಲಿ ಫ್ರೆಂಚ್ ಗಯಾನಾದಿಂದ ಹಾರಿತು. "ಲಾರಿಗೂ ದುಡ್ಡಿಲ್ಲದ ಆ ಕಾಲದಲ್ಲಿ ಎಷ್ಟು ಕಷ್ಟ ಅಲ್ವಾ ಸಾರ್" ಅಂದೆ.

"ಯಾರ್ರೀ ಹೇಳಿದ್ದು ಲಾರಿಗೆ ದುಡ್ಡಿರಲಿಲ್ಲ ಅಂತ?"

ಅಲ್ಲಿಂದ ಶುರುವಾಯಿತು ನೋಡಿ. ಆಂಟೆನಾ ಪರೀಕ್ಷೆ ಮಾಡುವಾಗ ಸುತ್ತಮುತ್ತ ಲೋಹ ಇರಬಾರದು. ಲಾರಿಯ ಮೇಲೆ ಇಟ್ಟರೆ ಅದರ ತಗಡು ರೇಡಿಯೋ ಅಲೆಗಳನ್ನು ವಾಪಸು ಎಸೆಯುತ್ತೆ. ಆಗ ಅಳತೆಗೆ ಸಿಗುವುದು ಬರೀ ಉಪಗ್ರಹದ ಆಂಟೆನಾ ಅಲ್ಲ, ಲಾರಿಯೂ ಸೇರಿಕೊಂಡಿರುತ್ತೆ. ಮರದ ಗಾಡಿಯಲ್ಲಿ ಆ ತೊಂದರೆ ಇಲ್ಲ. ಬಯಲಿಗೆ ತಳ್ಳಿಕೊಂಡು ಹೋಗಬಹುದು, ಬೇಕಾದ ಕಡೆಗೆ ತಿರುಗಿಸಬಹುದು. ಆ ಫೋಟೋ ನೋಡಿ ಬಡತನ ಅಂದುಕೊಂಡವರು ದೇಶದ ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ಅದೊಂದು ಲೆಕ್ಕ ಹಾಕಿ ಮಾಡಿದ ಕೆಲಸ. ಅವರು ಪೇಪರ್ ತೆಗೆದು ಚಿತ್ರ ಬರೆದರು, ಚಮಚವನ್ನು ಆಂಟೆನಾ ಮಾಡಿದರು, ಬಿಸ್ಕತ್ ಡಬ್ಬವನ್ನು ಲಾರಿ ಮಾಡಿದರು. ನಲವತ್ತು ನಿಮಿಷ ಮಾತಾಡಿದರು.

ರೆಕಾರ್ಡಿಂಗ್ ನಿಂತಿತ್ತು ಅನ್ನುವುದು ನನಗೆ ಬಸ್ ಹತ್ತಿದ ಮೇಲೆ ಹೊಳೆಯಿತು.

ಇದಾಗಿ ಏಳು ವರ್ಷವಾಯಿತು. ವಾರವೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಶನಿವಾರ, ಭಾನುವಾರ ವಿಜ್ಞಾನ ತಂತ್ರಜ್ಞಾನದಲ್ಲಿ ಕೆಲಸ ಮಾಡುವವರ ಜೊತೆ ಕನ್ನಡದಲ್ಲಿ ಕೂತು ಮಾತಾಡುತ್ತೇನೆ, ರೆಕಾರ್ಡ್ ಮಾಡುತ್ತೇನೆ, ಬರೆದುಕೊಳ್ಳುತ್ತೇನೆ. ಹೇಗೆ ಮಾಡ್ತೀರಿ ಅಂತ ಆಗಾಗ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲ ಪಾಠ ಆ ಹಾಲ್‌ನಲ್ಲೇ ಸಿಕ್ಕಿತ್ತು. "ಯಾಕೆ ಈ ಕ್ಷೇತ್ರ ಆರಿಸಿಕೊಂಡಿರಿ" ಅಂದರೆ ಎಲ್ಲರ ಬಾಯಲ್ಲೂ ಬಾಯಿಪಾಠವಾದ ಉತ್ತರ ಬರುತ್ತೆ. "ಇದನ್ನು ಯಾವುದರ ಮೇಲೆ ಇಡ್ತೀರಿ? ಕೈ ತಾಗಿದರೆ ಏನಾಗುತ್ತೆ? ಕೆಟ್ಟರೆ ಮೊದಲು ಎಲ್ಲಿ ನೋಡ್ತೀರಿ?" ಅಂದರೆ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಎದ್ದು ನಿಂತರೆ ಮುಗಿಯಿತು, ಆಮೇಲೆ ನಾನು ಪ್ರಶ್ನೆ ಕೇಳುವ ಅಗತ್ಯವೇ ಇರುವುದಿಲ್ಲ. ತಪ್ಪು ಪ್ರಶ್ನೆ ಕೇಳಿದರೂ ಪರವಾಗಿಲ್ಲ, ಅದು ಯಾವುದೋ ವಸ್ತುವಿನ ಬಗ್ಗೆ ಇರಬೇಕು ಅಷ್ಟೇ.

ಇನ್ನೊಂದು ಉಪಾಯ ನಾನೇ ಕಂಡುಕೊಂಡಿದ್ದು. ಯಾರನ್ನಾದರೂ ಭೇಟಿಯಾಗುವ ಮೊದಲು ಅವರ ಸಂಶೋಧನಾ ಪ್ರಬಂಧ ಒಂದೆರಡು ಓದುತ್ತೇನೆ. ಅರ್ಧಕ್ಕರ್ಧ ಅರ್ಥವಾಗುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಕೊನೆಯಲ್ಲಿ ಕೃತಜ್ಞತೆ ಹೇಳುವ ನಾಲ್ಕು ಸಾಲು ಇರುತ್ತಲ್ಲ, ಅದನ್ನು ತಪ್ಪದೆ ಓದುತ್ತೇನೆ. ಅಲ್ಲಿ ಯಂತ್ರ ನೋಡಿಕೊಂಡವರು, ಮಾದರಿ ತಂದುಕೊಟ್ಟವರು, ವರ್ಕ್‌ಶಾಪ್‌ನವರು ಎಲ್ಲ ಸಿಗುತ್ತಾರೆ. ಒಮ್ಮೆ ಒಬ್ಬ ರಸಾಯನ ವಿಜ್ಞಾನಿಯ ಮೂರು ಪ್ರಬಂಧಗಳ ಕೊನೆಗೂ ಒಂದೇ ಹೆಸರು ಕಂಡಿತು. "ಇವರು ಯಾರು ಸಾರ್?" ಅಂದೆ. "ಅಯ್ಯೋ, ನಮ್ಮ ಗ್ಲಾಸ್‌ಬ್ಲೋಯರ್ ಕಣ್ರೀ! ನನಗಿಂತ ಅವರ ಹತ್ತಿರ ಮಾತಾಡಿ" ಅಂತ ಕೆಳಗಿನ ಮಹಡಿಗೆ ಕಳಿಸಿದರು.

ಕೆಳಗೆ ಹೋದರೆ ಐವತ್ತೈದು ದಾಟಿದ ಮನುಷ್ಯ, ಗುಲಾಬಿ ಬಣ್ಣದ ಕನ್ನಡಕ ಹಾಕಿಕೊಂಡು ಬರ್ನರ್ ಮುಂದೆ ಕೂತಿದ್ದರು. ಬಾಯಲ್ಲಿ ಒಂದು ರಬ್ಬರ್ ನಳಿಕೆ. ಅದರ ಇನ್ನೊಂದು ತುದಿ ಕೈಯಲ್ಲಿದ್ದ ಗಾಜಿನ ಕೊಳವೆಗೆ. ಎರಡೂ ಕೈ ಒಂದೇ ವೇಗದಲ್ಲಿ ಕೊಳವೆ ಉರುಳಿಸುತ್ತಿದ್ದವು. ಸ್ವಲ್ಪ ಹೆಚ್ಚುಕಮ್ಮಿಯಾದರೂ ಮೆತ್ತಗಾದ ಗಾಜು ತಿರುಚಿಕೊಳ್ಳುತ್ತೆ. ಜ್ವಾಲೆ ನನಗೆ ಬರೀ ಹಳದಿಯಾಗಿ ಕಣ್ಣು ಕುಕ್ಕುತ್ತಿತ್ತು. ಅವರು ಮಾತಾಡದೆ ಇನ್ನೊಂದು ಕನ್ನಡಕ ಕೊಟ್ಟರು. ಹಾಕಿಕೊಂಡೆ. ಹಳದಿ ಮಾಯ. ಗಾಜಿನ ಅಂಚು, ಬಾಗುವ ಜಾಗ ಎಲ್ಲ ಸ್ಪಷ್ಟ.

ಆ ಕನ್ನಡಕದ ಕಥೆಯೇ ಇಪ್ಪತ್ತು ನಿಮಿಷ ನಡೆಯಿತು. ಗಾಜಿನಲ್ಲಿರುವ ಸೋಡಿಯಂ ಬಿಸಿಯಾದಾಗ ಹಳದಿ ಬೆಳಕು ಬಿಡುತ್ತೆ. ಅದನ್ನು ಹೀರಿಕೊಳ್ಳುವ ಗಾಜು ಇದು, ಹೆಸರು ಡಿಡಿಮಿಯಂ. ಮನೆಗೆ ಬಂದು ಹುಡುಕಿದರೆ ಇನ್ನೂ ಮಜಾ ಸಿಕ್ಕಿತು. 1841ರಲ್ಲಿ ಡಿಡಿಮಿಯಂ ಒಂದು ಮೂಲವಸ್ತು ಅಂದುಕೊಂಡು ಹೆಸರಿಟ್ಟರು. 1885ರಲ್ಲಿ ಅದು ಎರಡಾಗಿ ಒಡೆಯಿತು, ನಿಯೋಡೈಮಿಯಂ ಮತ್ತು ಪ್ರೇಸಿಯೋಡೈಮಿಯಂ. ಇಲ್ಲದ ಮೂಲವಸ್ತುವಿನ ಹೆಸರು ಕನ್ನಡಕದಲ್ಲಿ ಇನ್ನೂ ಉಳಿದುಕೊಂಡಿದೆ.

ಕೆಲಸ ಮುಗಿದ ಮೇಲೆ ಕೊಳವೆಯನ್ನು ಒಲೆಗೆ ಇಟ್ಟರು, ಸುಮಾರು 560 ಡಿಗ್ರಿ. ಯಾಕೆ ಅಂತ ಕೇಳಿದ್ದಕ್ಕೆ, ಹಿಂದಿನ ದಿನ ಮಾಡಿದ, ಒಲೆಗೆ ಇಡದ ಒಂದು ತುಂಡನ್ನು ಪೋಲರಾಯ್ಡ್ ಅನ್ನುವ, ಬೆಳಕು ಸೋಸುವ ಎರಡು ಹಾಳೆಗಳ ನಡುವೆ ಹಿಡಿದು ತೋರಿಸಿದರು. ಬೆಸುಗೆ ಜಾಗದಲ್ಲಿ ಕಾಮನಬಿಲ್ಲಿನ ಹಾಗೆ ಬಣ್ಣ. "ಇಲ್ಲಿ ಟೆನ್ಷನ್ ಕೂತಿದೆ. ಇವತ್ತು ಒಡೆಯಲ್ಲ. ಯಾವತ್ತೋ ರಾತ್ರಿ ತಾನಾಗೇ ಟಕ್ ಅನ್ನುತ್ತೆ." ನಿಧಾನ ಕಾಯಿಸಿ ನಿಧಾನ ಆರಿಸಿದರೆ ಆ ಬಣ್ಣ ಹೋಗುತ್ತೆ. ಆ ದಿನದ ರೆಕಾರ್ಡಿಂಗ್ ತುಂಬ ಬರ್ನರ್ ಸದ್ದು. ಮಾತು ಮುಕ್ಕಾಲು ಪಾಲು ಕೇಳಿಸಲೇ ಇಲ್ಲ. ಕಾಲರ್ ಮೈಕ್ ತಗೊಂಡಿದ್ದು ಆಮೇಲೆ. ನನ್ನ ಈ ಹುಚ್ಚಿಗೆ ಹಾಕಿದ ದುಡ್ಡಿನಲ್ಲಿ ಸಾರ್ಥಕವಾಗಿದ್ದು ಅದೊಂದೇ.

ಇನ್ನು ಒಂದು ತಪ್ಪು ಹೇಳಲೇಬೇಕು. ಮೂರನೇ ವರ್ಷ, ಒಬ್ಬ ಜೀವವಿಜ್ಞಾನಿಯ ಮಾತುಕತೆಗೆ 'ಏಕಾಂಗಿ ಸಾಧಕಿ' ಅಂತ ತಲೆಬರಹ ಕೊಟ್ಟೆ. ಬೆಳಗ್ಗೆ ಏಳಕ್ಕೇ ಫೋನು. "ಆ ಪ್ರಯೋಗದಲ್ಲಿ ನಾವು ಹನ್ನೊಂದು ಜನ ಇದ್ವಿ. ಈಗ ನಾನು ಲ್ಯಾಬ್‌ಗೆ ಹೇಗೆ ಮುಖ ತೋರಿಸಲಿ?" ಬೈಯಲಿಲ್ಲ, ಅದೇ ಕಷ್ಟವಾಗಿದ್ದು. ಬದಲಾಯಿಸಿದೆ. ಆದರೆ ಅಷ್ಟೊತ್ತಿಗೆ ಹಲವರು ಓದಿಯಾಗಿತ್ತು. ಅವರು ಮತ್ತೆ ಮಾತಿಗೆ ಸಿಗಲಿಲ್ಲ. ಸಾಧಕರು, ಅಸಾಮಾನ್ಯರು, ಮಾಂತ್ರಿಕರು, ಈ ಪದಗಳನ್ನೆಲ್ಲ ಅವತ್ತೇ ಬಿಟ್ಟೆ. ಹೊಗಳಿಕೆ ಜಾಸ್ತಿಯಾದಷ್ಟೂ ಕೆಲಸ ಹೇಗೆ ನಡೆಯಿತು ಅನ್ನುವುದು ಮರೆಯಾಗುತ್ತೆ. ಈಗ ಬರೆದದ್ದನ್ನು ಹಾಕುವ ಮೊದಲು ಫೋನಿನಲ್ಲಿ ಪೂರ್ತಿ ಓದಿ ಹೇಳುತ್ತೇನೆ, ತಲೆಬರಹ ಸಮೇತ. ಪತ್ರಕರ್ತ ಗೆಳೆಯರಿಗೆ ಇದು ಇಷ್ಟವಾಗುವುದಿಲ್ಲ. "ಹಾಗೆಲ್ಲ ಓದಿ ಹೇಳಬಾರದು ಮಾರಾಯ" ಅನ್ನುತ್ತಾರೆ. ನಾನು ರಾಜಕಾರಣಿಗಳನ್ನು ಮಾತಾಡಿಸುತ್ತಿಲ್ಲವಲ್ಲ.

ಕನ್ನಡದ ವಿಷಯ. "ನನಗೆ ಕನ್ನಡದಲ್ಲಿ ವಿಜ್ಞಾನ ಹೇಳೋಕೆ ಬರಲ್ಲ" ಅಂತ ಹತ್ತರಲ್ಲಿ ಎಂಟು ಜನ ಶುರುಮಾಡುತ್ತಾರೆ. ಬರುವುದಿಲ್ಲ ಅಂದರೆ ಪಠ್ಯಪುಸ್ತಕದ ಪದ ಬರುವುದಿಲ್ಲ ಅಂತ ಅರ್ಥ. ಆ ಪದಗಳು ನನಗೂ ತೊಡಕೇ. ಒಂದು ಅಲೆಯ ಉದ್ದಕ್ಕೆ ಶಾಲೆಯಲ್ಲಿ 'ತರಂಗದೂರ' ಅಂತ ಓದಿದ್ದೆವು. ರೇಡಿಯೋದಲ್ಲಿ 'ತರಂಗಾಂತರ' ಅನ್ನುತ್ತಾರೆ, ಅದೂ ಅಲೆಯ ಉದ್ದವೇ. ಆಮೇಲೆ ಹೇಳುವುದು ಮೆಗಾಹರ್ಟ್ಸ್ ಲೆಕ್ಕ, ಅಂದರೆ ಸೆಕೆಂಡಿಗೆ ಎಷ್ಟು ಅಲೆ ಅಂತ! ಕೇಳುವವರ ಗತಿ ಏನು?

ಗೌರಿಬಿದನೂರಿನ ರೇಡಿಯೋ ದೂರದರ್ಶಕದ ಬಗ್ಗೆ ಮಾತಾಡುವಾಗ ಈ ತೊಡಕು ಹೇಗೆ ಬಿಡಿಸಿಕೊಂಡಿತು ಅನ್ನುವುದು ನೆನಪಿದೆ. ಎಪ್ಪತ್ತರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು. ಇಂಗ್ಲಿಷ್ ಟಿ ಅಕ್ಷರದ ಆಕಾರ. ಪೂರ್ವ ಪಶ್ಚಿಮ 1.4 ಕಿಲೋಮೀಟರ್, ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರ್, ಡೈಪೋಲ್ ಅನ್ನುವ 1000 ತಂತಿ ಆಂಟೆನಾಗಳು. ತಟ್ಟೆಯಂಥದ್ದೇನೂ ಇಲ್ಲ. ಕಂಬ ನೆಟ್ಟು ತಂತಿ ಕಟ್ಟಿದ್ದಾರೆ, ದೂರದಿಂದ ಬಟ್ಟೆ ಒಣಹಾಕುವ ಜಾಗದ ಹಾಗೆ. ಇದು ಯಾಕೆ ತಟ್ಟೆ ಅಲ್ಲ ಅಂತ ಕೇಳಿದೆ. ಎದುರಿಗಿದ್ದವರು 'ಆವೃತ್ತಿ' ಅಂದರು (ಸೆಕೆಂಡಿಗೆ ಎಷ್ಟು ಅಲೆ ಅನ್ನುವುದಕ್ಕೆ ಪುಸ್ತಕದ ಪದ), ತಡವರಿಸಿದರು. ಆಮೇಲೆ ಕಾರಿನ ಹತ್ತಿರ ಕರೆದುಕೊಂಡು ಹೋಗಿ ಏರಿಯಲ್ ಹಿಡಿದು ತೋರಿಸಿದರು. "ನಿಮ್ಮ ಎಫ್‌ಎಂ 101.3 ಮೆಗಾಹರ್ಟ್ಸ್ ಅಲ್ವಾ, ಅದರ ಒಂದು ಅಲೆ ಸುಮಾರು 3 ಮೀಟರ್ ಉದ್ದ. ಅದರ ಕಾಲು ಭಾಗ ಇಷ್ಟು ಕಡ್ಡಿ. ಇಲ್ಲಿ 34.5 ಮೆಗಾಹರ್ಟ್ಸ್. ಒಂದು ಅಲೆ 8.7 ಮೀಟರ್. ಅಷ್ಟು ಉದ್ದದ ಅಲೆಗೆ ತಟ್ಟೆ ಮಾಡೋಕೆ ಹೋದರೆ ಊರೇ ಬೇಕು. ತಂತಿ ಸಾಕು." ನಾನು ಪುಸ್ತಕದ ಪದ ಒಂದನ್ನೂ ಸೇರಿಸದೆ ಹಾಗೇ ಬರೆದುಕೊಂಡೆ.

ಈಗ ರಾಗಿ. ಇದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದು.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡತಳಿ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದವರು. ಅವರನ್ನು ಮಾತಾಡಿಸುವ ಭಾಗ್ಯ ನನಗಿರಲಿಲ್ಲ. ಆದರೆ ಅದೇ ಕೆಲಸ ಮಾಡುವ ಒಬ್ಬ ಮೇಡಂ ಫೋನಿಗೆ ಸಿಕ್ಕರು. ಯಾವತ್ತು ಬರಲಿ ಅಂದೆ. "ಬರೀ ಮಾತಾಡೋಕಾದರೆ ಯಾವತ್ತಾದರೂ ಬನ್ನಿ. ನೋಡಬೇಕು ಅಂದರೆ ರಾತ್ರಿ 3ಕ್ಕೆ ಬನ್ನಿ, ರಾಗಿ ಹೂ ಬಿಡುತ್ತೆ."

ತಮಾಷೆ ಅಂದುಕೊಂಡೆ. ಅಲ್ಲ. ರಾಗಿಯ ಹೂ ತೆರೆಯುವುದು ನಡುರಾತ್ರಿ ಕಳೆದು ಒಂದರಿಂದ ಐದು ಗಂಟೆಯೊಳಗೆ. ಒಂದೊಂದು ಹೂವೂ ಎಷ್ಟು ಚಿಕ್ಕದು ಅಂದರೆ ಗಂಡು ಭಾಗ ಕಿತ್ತು ತೆಗೆಯುವುದು ದೊಡ್ಡ ತಲೆನೋವು. ಮೇಲಾಗಿ ಅದು ತನ್ನ ಪರಾಗವನ್ನು ತಾನೇ ಹಾಕಿಕೊಂಡುಬಿಡುತ್ತೆ. ಭತ್ತದಲ್ಲಿ ಮಾಡಿದಷ್ಟು ಸಲೀಸಾಗಿ ರಾಗಿಯಲ್ಲಿ ಅಡ್ಡತಳಿ ಮಾಡಲು ಆಗುವುದಿಲ್ಲ.

ಬೆಂಗಳೂರಿನಿಂದ ಹೊರಟು ರಾತ್ರಿ ಎರಡೂವರೆಗೆ ಹೊಲದ ಬದುವಿನಲ್ಲಿ ನಿಂತಿದ್ದೆ. ಮೇಡಂ, ಜೊತೆಗೆ ಹೊಲದ ಕೆಲಸದ ಒಬ್ಬ ಅಕ್ಕ. ತಲೆಗೆ ಮಫ್ಲರ್ ಸುತ್ತಿದ್ದ ಅವರು ನನ್ನ ತೆಳು ಅಂಗಿ ನೋಡಿ ನಕ್ಕರು. ಹಸಿರು ಗಿಡದ ತೆನೆಯನ್ನೂ ನೇರಳೆ ಗಿಡದ ತೆನೆಯನ್ನೂ ಹತ್ತಿರ ತಂದು ದಾರದಲ್ಲಿ ಕಟ್ಟಿದ್ದರು. ಹೂ ತೆರೆದಾಗ ಒಂದರ ಪರಾಗ ಇನ್ನೊಂದಕ್ಕೆ ಬೀಳಲಿ ಅಂತ. ಕೆಲವರು ತೆನೆಯನ್ನು ಬಿಸಿನೀರಲ್ಲಿ ಅದ್ದಿ ಅದರದೇ ಪರಾಗ ಸಾಯಿಸುವುದೂ ಉಂಟು. ಇಲ್ಲಿ ಬರೀ ಕಟ್ಟುವುದು.

"ಟಾರ್ಚು ಇಂಗೆ ಹಿಡ್ಕೊಳಿ ಅಣ್ಣ, ನನ್ ಮಕಕ್ಕಲ್ಲ" ಅಂದರು ಅಕ್ಕ. ಹಿಡಿದೆ. ತೆನೆಯ ಬೆರಳಿನ ತುದಿಯಲ್ಲಿ, ಎಳ್ಳುಕಾಳಿಗಿಂತ ಚಿಕ್ಕ ಬಾಯಿ ತೆರೆದು, ಕೂದಲೆಳೆಯಂಥದ್ದು ಹೊರಗೆ ಬಂದಿತ್ತು. ಹೂ ತುದಿಯಿಂದ ಶುರುವಾಗಿ ದಿನಾ ಒಂದಷ್ಟು ಕೆಳಗಿಳಿಯುತ್ತೆ, ಒಂದು ತೆನೆಗೆ ಸುಮಾರು ಒಂದು ವಾರ ಬೇಕು. ಅಕ್ಕ ಕಡ್ಡಿಯಿಂದ ಮೆಲ್ಲಗೆ ತಟ್ಟಿದರು. ಟಾರ್ಚಿನ ಬೆಳಕಲ್ಲಿ ಧೂಳಿನಂಥದ್ದು ಒಂದು ಕ್ಷಣ ಮಿಂಚಿ ಹೋಯಿತು.

"ಬಿತ್ತಾ?" ಅಂದರು ಮೇಡಂ.

"ಬಿತ್ತು ಕನವ್ವ."

ಪರಾಗ ಬಿದ್ದಿದ್ದು ಗೊತ್ತಾಗುವುದು ಹೇಗೆ ಅಂತ ಕೇಳಿದೆ. ಬೀಜ ನೋಡಿದರೆ ಗೊತ್ತಾಗುವುದಿಲ್ಲವಂತೆ. ಹಸಿರು ಗಿಡದ ಬೀಜವನ್ನು ಬಿತ್ತಬೇಕು. ಹುಟ್ಟಿದ ಸಸಿ ಹಸಿರಾಗೇ ಇದ್ದರೆ ಅದು ತನ್ನದೇ ಪರಾಗದ್ದು. ಗೆಣ್ಣು ನೇರಳೆಯಾದರೆ ಪಕ್ಕದ ಗಿಡದ್ದು ಸೇರಿದೆ ಅಂತ. ನೇರಳೆ ಬಣ್ಣ ಹಸಿರನ್ನು ಮುಚ್ಚಿಹಾಕುತ್ತೆ, ಅದಕ್ಕೇ ಗಂಡಾಗಿ ನೇರಳೆ ಗಿಡವನ್ನು ಆರಿಸುವುದು. ಆ ರಾತ್ರಿ ಎರಡು ಗಂಟೆ ರೆಕಾರ್ಡ್ ಮಾಡಿದೆ. ಅದರಲ್ಲಿ ಮಾತು ಇಪ್ಪತ್ತು ನಿಮಿಷವೂ ಇಲ್ಲ. ಉಳಿದಿದ್ದೆಲ್ಲ ಜೀರುಂಡೆ, ಕಪ್ಪೆ, ಅಕ್ಕನ ಕೆಮ್ಮು. ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ, ಬಹುಪಾಲು ಹಾಗೇ ಇಟ್ಟಿದ್ದೇನೆ. ಕೇಳಿದವರೊಬ್ಬರು ಆಡಿಯೋ ಕೆಟ್ಟಿದೆ ಅಂತ ಮೆಸೇಜ್ ಹಾಕಿದ್ದರು.

ಮುಂದಿನ ಹಂಗಾಮಿನಲ್ಲಿ ಮೇಡಂ ಒಂದು ಫೋಟೋ ಕಳಿಸಿದರು. ಪ್ಲಾಸ್ಟಿಕ್ ಟ್ರೇ ತುಂಬ ರಾಗಿ ಸಸಿ, ನಲವತ್ತೆಂಟು. ಎಲ್ಲ ಹಸಿರು. ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ. ಎಡಗಡೆ ಅಂಚಿನಲ್ಲಿ ಎರಡು, ನಡುವೆ ಒಂದು, ಗೆಣ್ಣಿನಲ್ಲಿ ನೇರಳೆ. "ಮೂರೇನಾ ಮೇಡಂ?" ಅಂತ ಕೇಳಿದೆ. "ಮೂರು ಸಿಕ್ತಲ್ಲ!" ಅಂತ ಬಂತು, ಹಿಂದೆಯೇ ಇನ್ನೊಂದು: "ಇನ್ನು ಎರಡು ತಿಂಗಳಿಗೆ ಇವೂ ಹೂ ಬಿಡುತ್ತವೆ. ಬರೋದಾದರೆ ಅಕ್ಕ ಮಫ್ಲರ್ ತರೋಕೆ ಹೇಳಿದ್ದಾಳೆ."